ನಿಂದೊಂದು ವೋಟು

ಸುಂದರಿ,

ನೀನು ಹೋಗಿ ನಾಲ್ಕು ವರ್ಷ ಆದ್ಮೇಲೆ ಇವತ್ತು ನಿನ್ನ ಮಗಳು ಹರ್ಷಿತಾ ಚಾಮರಾಜಪೇಟೆಯ ನಮ್ಮ ಮನೆಗೆ ಬಂದಿದ್ದಳು. ನೀನು ನಿಂತಿದ್ದ ವಾರ್ಡಿನಿಂದಲೇ ಈಗ ಅವಳೂ ಚುನಾವಣೆಗೆ ನಿಲ್ತಾಳಂತೆ. ನಾಮಪತ್ರಕ್ಕೆ ಸೂಚಕರ ಸಹಿ ಬೇಕಿತ್ತು.

"ಆಂಟಿ, ನೀವೀಗ ರಿಟೈರ್ ಆಗಿದೀರಲ್ಲ, ರೂಲ್ಸ್ ಅಡ್ಡ ಬರಲ್ಲ ತಾನೇ?" ಅಂದಳು. ತಕ್ಷಣ ಹಾಕಿಕೊಟ್ಟೆ.

ಇದೇ ಸಹಿಗೆ ನೀನು ಬಂದಾಗ ಬಾಗಿಲಲ್ಲೇ ನಿಲ್ಲಿಸಿ, "ಸರ್ಕಾರಿ ನೌಕರಿ ಕಣೇ, ಕೆಲಸಕ್ಕೇ ಕುತ್ತು ಬರುತ್ತೆ" ಅಂದಿದ್ದೆ. ನೀನು ನಕ್ಕುಬಿಟ್ಟೆ. "ವೋಟು ಹಾಕಬೇಡ ಅಂತ ಯಾವ ರೂಲ್ಸೂ ಹೇಳಲ್ವಲ್ಲ, ಅಷ್ಟು ಸಾಕು."

ಆಮೇಲೆ ನನಗೆ ಮಲ್ಲೇಶ್ವರದಲ್ಲಿ ಚುನಾವಣಾ ಡ್ಯೂಟಿ ಬಿತ್ತು, ನಿನಗೂ ಹೇಳಿದ್ದೆ. ಡ್ಯೂಟಿಯವರು ಅಂಚೆಯಲ್ಲಿ ಮತ ಹಾಕಬೇಕು, ಅದಕ್ಕೆ ಮೊದಲೇ ಅರ್ಜಿ ಕೊಡಬೇಕು. ಯಾರಿಗೆ ಹಾಕಿದೆ ಅಂತ ಸಾಹೇಬರು ಕೇಳಿಬಿಟ್ಟರೆ ಅನ್ನೋ ಭಯಕ್ಕೆ ನಾನು ಅರ್ಜಿಯನ್ನೇ ಕೊಡಲಿಲ್ಲ.

ಸೋತ ಮಾರನೇ ದಿನ ನೀನು ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡೀತಾ, "ನಿಂದೊಂದು ವೋಟಂತೂ ಬಿತ್ತಲ್ಲ, ಬಿಡು" ಅಂದೆ. ನಾನು ಹೂಂ ಅಂದೆ.

ಹರ್ಷಿತಾ ನಿನ್ನ ಹಳೇ ಫೈಲನ್ನೂ ತಂದಿದ್ದಳು. ಎಣಿಕೆಯ ದಿನ ಕೇಂದ್ರದಲ್ಲೇ ಕೂತು, ನಿನಗೆ ಬಿದ್ದ ಮತಗಳನ್ನ ನೀನು ಬರೆದುಕೊಂಡ ಹಾಳೆ ಅದರಲ್ಲಿತ್ತು. ಮೊದಲನೇ ಸಾಲಲ್ಲೇ, ನಿನ್ನ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ಅಂಚೆ ಮತ, ಸೊನ್ನೆ.

ಅವಳು ಹೋದಳು. ನಾನೊಬ್ಬಳೇ ಕಾಫಿ ಮಾಡಿಕೊಂಡು ಕೂತಿದೀನಿ, ಕುಡಿಯೋಕೆ ಆಗ್ತಿಲ್ಲ.

ಅವತ್ತು ನಿನಗೆ ಗೊತ್ತಿತ್ತು ಕಣೇ. ಗೊತ್ತಿದ್ದೂ ಎಂದಿನ ಹಾಗೆ ನಿನ್ನ ಲೋಟ ತೊಳೆದಿಟ್ಟು, ನನ್ನದನ್ನೂ ತೊಳೆದಿಟ್ಟು ಹೋದೆ.