ರೊಟ್ಟಿ ಬುಟ್ಟಿಯಲ್ಲಿ ಫೋನು

ಜುಲೈ ೧೫, ಮಂಗಳವಾರ

ಬೆಳಗಿನಿಂದ ಒಂದೇ ಯೋಚನೆ, ಇವತ್ತು ಬೈಗುಳ ತಪ್ಪಿದ್ದಲ್ಲ. ನಮ್ಮ ಶಾಲೆಯ ಚೇರ್ಮನ್ ಬಸವಣ್ಣೆಪ್ಪನವರು ದಿನಾ ರಾತ್ರಿ ಊಟವಾದ ಮೇಲೆ ಕಳಿಸುವ ಇಮೇಲ್‌ಗೆ ಉತ್ತರ ಕೊಡದೆ ನಾನು ಮಲಗಿದ್ದು ನಿನ್ನೆಯೇ ಮೊದಲು. ಮುಖ್ಯೋಪಾಧ್ಯಾಯಿನಿ ಅಂದರೆ ರಾತ್ರಿಪಾಳಿಯ ಕಾವಲುಗಾರಳೇ? ‘ಸಂಜೆ ಆರರ ನಂತರ ಇಮೇಲ್ ನೋಡುವುದಿಲ್ಲ, ತುರ್ತಿದ್ದರೆ ಫೋನ್ ಮಾಡಿ’ ಎಂಬ ಉತ್ತರ ತಾನಾಗಿಯೇ ಹೋಗುವಂತೆ ಮಾಡಿ, ಫೋನನ್ನು ರೊಟ್ಟಿ ಬುಟ್ಟಿಯಲ್ಲಿ ಮುಚ್ಚಿಟ್ಟಿದ್ದೆ. ಆದರೂ ಕೈ ಬುಟ್ಟಿಯ ಕಡೆಗೇ ಹೋಗುತ್ತಿತ್ತು.

“ಬೆಂಕಿ ಹತ್ತಿದ್ರ ಹೊಗಿ ಕಾಣತೈತಿ, ಸುಮ್ನ ಮಕ್ಕೋ,” ಅಂದಿದ್ದರು ಅತ್ತೆ.

ಇವತ್ತು ಮಧ್ಯಾಹ್ನ ಚೇರ್ಮನ್ನರು ಶಾಲೆಗೇ ಬಂದರು. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

“ಅಕ್ಕೋರ, ನೀವು ಉತ್ತರಾ ಕೊಡ್ತೀರಿ ಅಂತ ನಾನೂ ರಾತ್ರಿಯೆಲ್ಲಾ ಕಾಯ್ಕೊಂತ ಕುಂದರ್ತಿದ್ದೆ. ನಿನ್ನೆ ಲಗೂನ ನಿದ್ದಿ ಬಂತ್ರಿ. ಇದನ್ನ ಮದ್ಲ ಯಾಕ ಮಾಡಲಿಲ್ಲರಿ?”

ಶಾಲೆಯಿರುವ ತಡಸದಿಂದ ಬಸ್ಸಿನಲ್ಲಿ ಮನೆಗೆ ಬರುವಾಗ ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಆಚೆ ಸರಿದು ಕೂತಳು. ಸರಿಯಲಿ! ಗೆದ್ದವಳಿಗೆ ಜಾಗ ಬೇಕು.

ಈಗ ಬುಟ್ಟಿಯೊಳಗೆ ಟಿಣ್ ಅಂತು. ಇಮೇಲ್. ಯಾರದೋ ಏನೋ. ಬೆಳಿಗ್ಗೆ ರೊಟ್ಟಿ ತೆಗೆಯುವಾಗ ನೋಡಿದರಾಯಿತು.