ಅತ್ಯುತ್ತಮ ಪರಿಶೀಲಕಿಯಿಂದ ಅತ್ಯುತ್ತಮ ಲೇಖಕರಿಗೆ

ಮಣಿಪಾಲ
12 ನವೆಂಬರ್ 2024, ಮಂಗಳವಾರ

ಗೌರವಾನ್ವಿತ ಲೇಖಕರೇ,

ಅಥವಾ ತಾರಾನಾಥರೇ. ಅಥವಾ ಮೋಕ್ಷಾಳ ಪಪ್ಪ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡನನ್ನು ಎಂತ ಕರೆಯುವುದೆಂದು ಶನಿವಾರದಿಂದ ನನಗೆ ತಿಳಿಯುತ್ತಿಲ್ಲ. ನಾವು ತುಳುವಿನಲ್ಲಿ ಜಗಳ ಮಾಡಿದವರು, ಕನ್ನಡದಲ್ಲಿ ಪತ್ರ ಬರೆದವರು, ಇಂಗ್ಲಿಷಿನಲ್ಲಿ ಮಾತ್ರ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟವರು. ಆ ಮರ್ಯಾದೆಯೂ ಯಾರಿಗೆ ಕೊಡುತ್ತಿದ್ದೇವೆಂದು ತಿಳಿಯದೆ ಕೊಟ್ಟದ್ದು.

ನಿನ್ನೆ ಮಧ್ಯಾಹ್ನ ನಿಮ್ಮ ವಾಟ್ಸಾಪ್ ಬಂತು. "ನಾವು ಬೇರೆಯಾಗಿದ್ದೇವೆ ಅಂತ ಸಂಪಾದಕರಿಗೆ ಒಂದು ಗೆರೆ ಬರೆದುಬಿಡು. ಇಬ್ಬರ ಪ್ರಶಸ್ತಿಯೂ ಉಳಿಯುತ್ತದೆ." ಕೆಳಗೆ ಕೈಮುಗಿದ ಚಿತ್ರ ಬೇರೆ! ಅದಕ್ಕೆ ಮೊಬೈಲಿನಲ್ಲೇ ಉತ್ತರಿಸಿದರೆ ನೀವು ನೀಲಿ ಗೆರೆ ಬೀಳಿಸಿಕೊಂಡು ಸುಮ್ಮನೆ ಕೂರುತ್ತೀರಿ. ಆದ್ದರಿಂದ ಕಾಗದ. ಸಂಜೆಯ ಕಾರ್ಕಳ ಬಸ್ಸಿನ ಕಂಡಕ್ಟರ್ ಆಂಟನಿಯ ಕೈಯಲ್ಲಿ ಕೊಡುತ್ತೇನೆ. ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳಿ. ಆಂಟನಿ ಬಸ್ಸಿನಿಂದಲೇ "ಪ್ರೊಫೆಸರ್, ಮೇಡಂ ಕವರ್ ಕೊಟ್ಟಿದ್ದಾರೆ" ಎಂದು ಕೂಗುವುದು ಇಡೀ ಸ್ಟ್ಯಾಂಡಿಗೆ ಕೇಳಿದರೆ ಇನ್ನೂ ಒಳ್ಳೆಯದು.

ಮೊದಲಿನಿಂದ ಬರೆಯುತ್ತೇನೆ. ಕ್ರಮ ತಪ್ಪಿದರೆ ನನಗೆ ಸಮಾಧಾನ ಇಲ್ಲ ಎಂಬುದು ನಿಮ್ಮ ಹಳೆಯ ದೂರು.

ನಮ್ಮ ಕರಾವಳಿ ಜೀವವಿಜ್ಞಾನ ಪತ್ರಿಕೆಯ ಪದ್ಧತಿ ನಿಮಗೂ ಗೊತ್ತುಂಟು. ಪ್ರಬಂಧದಿಂದ ಲೇಖಕರ ಹೆಸರು ಅಳಿಸಿ ಪರಿಶೀಲಕರಿಗೆ ಕಳಿಸುತ್ತಾರೆ. ತಪ್ಪುಗಳ ಪಟ್ಟಿಯಿಂದ ಪರಿಶೀಲಕರ ಹೆಸರು ಅಳಿಸಿ ಲೇಖಕರಿಗೆ ಕಳಿಸುತ್ತಾರೆ. ನಮ್ಮ ಅಜ್ಜಿಯಂದಿರ ಮದುವೆಗಳೂ ಹೀಗೇ ಆಗುತ್ತಿದ್ದವು, ಮುಖ ನೋಡುವ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ನಡುವೆ ನಿಂತು ಇಬ್ಬರ ಹೆಸರೂ ಬಲ್ಲವರು ಒಬ್ಬರೇ, ಸಂಪಾದಕರು. ನಮ್ಮ ಸಂಪಾದಕರ ಹೆಸರು ವ್ಯಾಲೆಂಟೈನ್. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಅವರಿಗೆ ಅವರ ಅಪ್ಪ-ಅಮ್ಮ ಇಟ್ಟದ್ದು. ಅವರ ಪುಸ್ತಕದಲ್ಲಿ ನೀವು ಕಾರ್ಕಳದ ಕಾಲೇಜಿನ ಪ್ರಾಣಿಶಾಸ್ತ್ರದವರು, ನಾನು ಮಣಿಪಾಲದ ಪ್ರಯೋಗಾಲಯದವಳು. ಊರು ಬೇರೆ, ಮನೆ ಹೆಸರು ಬೇರೆ. ಮಂಗಳೂರಿನಲ್ಲಿ ಕೂತ ಪಾಪದ ಮನುಷ್ಯನಿಗೆ ಬೇರೆ ಎಂತ ಗೊತ್ತಾಗಬೇಕು?

ಕಳೆದ ಬೇಸಿಗೆಯಲ್ಲಿ ನನಗೊಂದು ಪ್ರಬಂಧ ಬಂತು: ಕೆಮ್ಮಣ್ಣು ಊರಿನ ಹಿನ್ನೀರಿನಲ್ಲಿ ಉಪ್ಪು ಏರಿಳಿದಾಗ ಮರುವಾಯಿ ಚಿಪ್ಪು ಬೆಳೆಯುವ ಬಗೆ. ನಿಮ್ಮದೆಂದು ಅನುಮಾನವೂ ಬರಲಿಲ್ಲ. ನಾನು ಬಲ್ಲ ತಾರಾನಾಥರು ಜೀವಮಾನವೆಲ್ಲ ಕಪ್ಪೆಯ ಹಿಂದೆ ಓಡಿದವರು. ಅವರು ಕಪ್ಪೆಯಿಂದ ಕಪ್ಪೆಚಿಪ್ಪಿಗೆ ಹಾರಿದ್ದಾರೆಂದು ನನಗೆ ಯಾರು ಹೇಳಬೇಕಿತ್ತು? ಎರಡು ವರ್ಷದಿಂದ ನಾವು ಮಾತಾಡಿದ್ದು ಗ್ಯಾಸ್ ಸಿಲಿಂಡರ್ ಮತ್ತು ಮೋಕ್ಷಾಳ ಹಾಸ್ಟೆಲ್, ಇವೆರಡೇ ವಿಷಯ.

ಪ್ರಬಂಧ ಚೆನ್ನಾಗಿತ್ತು. ಆದರೆ ಲೇಖಕರು ಹೊಳೆಯ ಒಂದೇ ದಡದಲ್ಲಿ ಅಳತೆ ಮಾಡಿದ್ದರು. ಹೋಲಿಸಲು ಇನ್ನೊಂದು ಜಾಗವೇ ಇರಲಿಲ್ಲ. "ಲೇಖಕರಿಗೆ ಕಂಟ್ರೋಲ್ ಇಲ್ಲ" ಎಂದು ಬರೆದೆ. ಈಗ ನೆನೆದರೆ, ಸತ್ಯ ಬರೆಯಲು ಹೆಸರು ತಿಳಿಯಬೇಕೆಂದಿಲ್ಲ.

ಅದಕ್ಕೆ ಬಂದ ಉತ್ತರ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ಪರಿಶೀಲಕರ ಅಮೂಲ್ಯ ಸಲಹೆಗೆ ಹೃತ್ಪೂರ್ವಕ ಕೃತಜ್ಞತೆಗಳು. ಈ ದೋಷ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನೊಂದು ದಡಕ್ಕೂ ಹೋಗಿ ಅಳತೆ ಮಾಡಿ ಬರುತ್ತೇವೆ." ಹೋದರು ಕೂಡ! ಮಳೆಗಾಲದಲ್ಲಿ, ದೋಣಿಯಲ್ಲಿ, ಕೆಸರಲ್ಲಿ ನಿಂತು. ನಾನು ಮತ್ತೆ ತಪ್ಪು ಹುಡುಕಿದೆ. ಮತ್ತೆ ಕೃತಜ್ಞತೆಗಳು. ಮೂರನೆಯ ಸುತ್ತಿನಲ್ಲಿ, ನಿಜ ಹೇಳುತ್ತೇನೆ, ತಪ್ಪೇ ಇರಲಿಲ್ಲ. ಆದರೂ ಒಂದು ಅಲ್ಪವಿರಾಮದ ತಕರಾರು ತೆಗೆದೆ. ಅವರ ಉತ್ತರ ಇನ್ನೊಮ್ಮೆ ಬರಲಿ ಎಂಬ ಆಸೆಗೆ.

ಪಕ್ಕದ ಮೇಜಿನ ವೆರೊನಿಕಾಗೆ ಓದಿ ಹೇಳುತ್ತಿದ್ದೆ. "ನೋಡು, ಲೋಕದಲ್ಲಿ ಇಂಥವರೂ ಇದ್ದಾರೆ. ತಪ್ಪು ಹೇಳಿದರೆ ಮುಖ ಊದಿಸುವುದಿಲ್ಲ, ಬಾಗಿಲು ಬಡಿಯುವುದಿಲ್ಲ." ಅವಳು, "ಮದುವೆ ಆಗಿದ್ದರೆ ಅವನ ಹೆಂಡತಿ ಯಾವ ಹರಕೆ ಹೊತ್ತಿದ್ದಾಳೋ ಮಾರಾಯ್ತಿ" ಎಂದಳು. ನಾನೂ ಹೌದು ಹೌದೆಂದು ತಲೆಯಾಡಿಸಿದೆ. ಯಾರೋ ಗೋವಾ ಕಡೆಯ ಸಾಧು ಹುಡುಗ ಇರಬೇಕೆಂದು ನನ್ನ ಅಂದಾಜು. ಹುಡುಗನಂತೆ! ಸಾಧುವಂತೆ!

ನೀವೇನು ಕಡಿಮೆಯೇ? ಶನಿವಾರ ಪತ್ರಿಕೆಯ ಪ್ರಶಸ್ತಿ ಸಭೆಯಲ್ಲಿ ನಿಮ್ಮನ್ನು ದೂರದಿಂದ ಕಂಡಾಗ, ಊಟಕ್ಕೆ ಬಂದಿದ್ದಾರೆಂದುಕೊಂಡೆ. ನನ್ನನ್ನು ಕಂಡು ನೀವೂ ಹಾಗೆಯೇ ಅಂದುಕೊಂಡಿರಬೇಕು. ಪ್ರಶಸ್ತಿ ಯಾರಿಗೆಂದು ಆಮಂತ್ರಣದಲ್ಲಿ ಹಾಕದೆ ವ್ಯಾಲೆಂಟೈನರು ಗುಟ್ಟು ಕಾದಿದ್ದರಲ್ಲ. ಅತ್ಯುತ್ತಮ ಪ್ರಬಂಧ ಎಂದು ಮರುವಾಯಿಯ ಶೀರ್ಷಿಕೆ ಓದಿ, ಅದರ ಬೆನ್ನಿಗೆ ನಿಮ್ಮ ಹೆಸರು ಕರೆದರು. ವೆರೊನಿಕಾ ನನ್ನ ತೊಡೆ ಚಿವುಟಿದ ಗುರುತು ಇನ್ನೂ ಉಂಟು.

ನೀವು ಮೈಕಿನ ಮುಂದೆ ನಿಂತು ಎಂತ ಹೇಳಿದಿರಿ? "ಇದರ ಅರ್ಧ ಶ್ರೇಯಸ್ಸು ಹೆಸರು ತಿಳಿಯದ ಆ ಪರಿಶೀಲಕರಿಗೆ. ಯಾರೋ ನಿವೃತ್ತ ಹಿರಿಯರಿರಬೇಕು. ಅಷ್ಟು ತಾಳ್ಮೆ ನಮ್ಮ ಕಾಲದವರಿಗೆಲ್ಲಿ? ಎಲ್ಲಿಯಾದರೂ ಸಿಕ್ಕಿದರೆ ಕಾಲು ಮುಟ್ಟಿ ನಮಸ್ಕರಿಸುತ್ತೇನೆ."

ಆಗ ವ್ಯಾಲೆಂಟೈನರಿಗೆ ಉತ್ಸಾಹ ತಡೆಯಲಿಲ್ಲ. ಯಾವ ಪ್ರಬಂಧವನ್ನು ಯಾರು ನೋಡಿದರೆಂದು ಹೇಳಬಾರದು ಎಂಬ ಕ್ರಮವನ್ನು ಅವತ್ತೊಂದು ದಿನ ಮುರಿಯುತ್ತೇನೆಂದರು. "ಲೇಖಕರು ಕಾಲು ಹುಡುಕುತ್ತಿದ್ದಾರೆ. ಆ ಕಾಲುಗಳು ಇದೇ ಸಭೆಯಲ್ಲಿ ಉಂಟು. ವರ್ಷದ ಅತ್ಯುತ್ತಮ ಪರಿಶೀಲಕಿ, ಡಾಕ್ಟರ್ ಬೇಬಿ!"

ಸಭೆ ಎದ್ದು ಚಪ್ಪಾಳೆ ಹೊಡೆಯಿತು. ನೀವು ಮಾತ್ರ ನಿಮ್ಮ ಬೂಟು ನೋಡುತ್ತಾ ನಿಂತಿದ್ದಿರಿ. ನನಗೂ ಶಾಲು, ಹಣ್ಣಿನ ಬುಟ್ಟಿ. ಬಿನ್ನವತ್ತಳೆಯಲ್ಲಿ ಓದಿದ್ದು: "ಸಣ್ಣ ದೋಷವನ್ನೂ ಬಿಡದ ಸೂಕ್ಷ್ಮದೃಷ್ಟಿಗೆ." ಯಾವ ಗುಣಕ್ಕೆ ಮನೆಯಲ್ಲಿ ನೀವು ರೋಸಿಹೋಗಿದ್ದಿರೋ ಅದೇ ಗುಣಕ್ಕೆ ನಿಮ್ಮೆದುರೇ ಶಾಲು ಹೊದಿಸಿದರು. ಜೊತೆಯಾಗಿ ನಿಲ್ಲಿಸಿದಾಗ ನಮ್ಮ ನಡುವೆ ಒಂದು ಬೀರು ಇಡುವಷ್ಟು ಜಾಗ ಇತ್ತು. ಫೋಟೋದವನು, "ಸರ್, ಸ್ವಲ್ಪ ಮೇಡಂ ಹತ್ತಿರ ಬನ್ನಿ. ಇನ್ನೂ. ಎಂತ ಸರ್ ನೀವು, ಫೋಟೋ ಕಂಡ್ರೆ ಹೆಂಡತಿ ಬೈತಾರಂತ ಹೆದರಿಕೆಯಾ?" ಎಂದ. ನಕ್ಕುಬಿಟ್ಟೆ. ನೀವು ನಗಲಿಲ್ಲ. ನಕ್ಕಿದ್ದರೆ ಈ ಪತ್ರ ಇಷ್ಟು ಉದ್ದ ಆಗುತ್ತಿರಲಿಲ್ಲ.

ಆಮೇಲೆ ಚಹಾದ ಹೊತ್ತಿಗೆ ವೆರೊನಿಕಾ ಸುಮ್ಮನಿರಬೇಕಲ್ಲ. "ಎಷ್ಟು ಚಂದ ಅಲ್ವಾ ಸರ್, ಗಂಡ-ಹೆಂಡತಿ ಇಬ್ಬರಿಗೂ ಒಟ್ಟಿಗೇ" ಎಂದು ಸಂಪಾದಕರಿಗೆ ಅಭಿನಂದನೆ ಹೇಳಿದಳು. ವ್ಯಾಲೆಂಟೈನರ ಗಂಟಲಲ್ಲಿ ಗೋಳಿಬಜೆ ಸಿಕ್ಕಿತು. ಗೋಳಿಬಜೆ ಇಳಿಯಿತು, ಗೋಳು ಇಳಿಯಲಿಲ್ಲ. ಪತ್ರಿಕೆಯ ನಿಯಮದಂತೆ ಹತ್ತಿರದ ಸಂಬಂಧಿಕರ ಪ್ರಬಂಧವನ್ನು ಯಾರೂ ಪರಿಶೀಲಿಸುವಂತಿಲ್ಲ, ತಿಳಿದೂ ಅಷ್ಟೇ, ತಿಳಿಯದೆಯೂ ಅಷ್ಟೇ. ಅದಕ್ಕೆ ಹಿತಾಸಕ್ತಿಯ ಸಂಘರ್ಷ ಎಂದು ಹೆಸರು. ನಮ್ಮಲ್ಲಿ ಸಂಘರ್ಷ ಧಾರಾಳ ಉಂಟು, ಹಿತ ಮತ್ತು ಆಸಕ್ತಿ ಎಲ್ಲಿವೆಯೆಂದು ಅವರು ಕೇಳಲಿಲ್ಲ.

ಅವರು ನಮ್ಮನ್ನು ಮೂಲೆಗೆ ಕರೆದು ಹೇಳಿದ್ದನ್ನು ನೀವೂ ಕೇಳಿದ್ದೀರಿ. ಗಂಡ-ಹೆಂಡತಿಯೆಂದಾದರೆ ನನ್ನ ಪ್ರಶಸ್ತಿ ವಾಪಸು, ನಿಮ್ಮದು ತಡೆ. ಪ್ರಬಂಧ ಹೊಸ ಪರಿಶೀಲಕರ ಕೈಗೆ ಹೋಗಿ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಅದು ಈ ವರ್ಷ ಅಚ್ಚಾಗದಿದ್ದರೆ ಪಿಎಚ್‌ಡಿ ಮಾರ್ಗದರ್ಶಕರಾಗುವ ನಿಮ್ಮ ಅರ್ಜಿ ಮುಂದಿನ ವರ್ಷಕ್ಕೆ. "ಆದರೆ ನೀವು ಬೇರೆಯಾಗಿದ್ದೀರಿ ಅಂತ ಇಬ್ಬರೂ ಬರೆದು ಕೊಟ್ಟರೆ ನನಗೆ ತೊಂದರೆ ಇಲ್ಲ. ಶುಕ್ರವಾರದೊಳಗೆ ಒಂದು ಗೆರೆ ಸಾಕು ಮಾರಾಯ್ರೆ" ಎಂದು ಬೆವರು ಒರೆಸಿಕೊಂಡರು. ಪಾಪ, ಒಳ್ಳೆಯ ಮನುಷ್ಯ, ನಮಗೆ ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದರು.

ಈಗ ಆ ಒಂದು ಗೆರೆಯ ವಿಷಯ.

ತಾರಾನಾಥರೇ, ನಾವು ಬೇರೆಯಾಗಿದ್ದೇವೆಂದು ನೀವು ಇಂದಿನವರೆಗೆ ಯಾರಿಗೆ ಹೇಳಿದ್ದೀರಿ? ಎರಡು ವರ್ಷದ ಹಿಂದೆ, "ನಿನ್ನ ಜೊತೆ ಇರುವುದೆಂದರೆ ದಿನವೂ ಪರೀಕ್ಷೆ ಬರೆದ ಹಾಗೆ" ಎಂದು ಚೀಲ ತುಂಬಿಸಿದವರು ನೀವು. ಮೆಟ್ಟಿಲು ಇಳಿಯುವಾಗ ಎದುರು ಮನೆಯವರು ಕೇಳಿದ್ದಕ್ಕೆ, "ರಸ್ತೆ ಅಗೆದು ಹಾಕಿದ್ದಾರಲ್ಲ, ದಿನಾ ಹೋಗಿ ಬರುವುದು ಕಷ್ಟ, ಕಾರ್ಕಳದಲ್ಲೇ ರೂಮು ಮಾಡಿದ್ದೇನೆ" ಎಂದವರೂ ನೀವೇ. ಅಂದಿನಿಂದ ಅದೇ ನಮ್ಮ ಸಂಸಾರದ ಅಧಿಕೃತ ಹೇಳಿಕೆ. ಕಾಪುವಿನಿಂದ ನಿಮ್ಮ ಅಮ್ಮ ಪ್ರತಿ ಭಾನುವಾರ ಫೋನು ಮಾಡಿ, "ಆ ರಸ್ತೆ ಇನ್ನೂ ಆಗಲಿಲ್ಲವಾ ಮಗಾ? ಎಂತ ಗುತ್ತಿಗೆದಾರ ಅವನು?" ಎಂದು ಬೈಯುತ್ತಾರೆ. ನಾನೂ ಜೊತೆ ಸೇರಿ ಗುತ್ತಿಗೆದಾರನನ್ನು ಬೈಯುತ್ತೇನೆ. ರಸ್ತೆ ಮುಗಿದು ಡಾಂಬರು ಹಳತಾಯಿತು. ಅಮ್ಮನಿಗೆ ಹೇಳದ್ದನ್ನು, ಮಗಳಿಗೆ ಹೇಳದ್ದನ್ನು, ನನ್ನ ಮುಖ ನೋಡಿ ಒಮ್ಮೆಯೂ ಹೇಳದ್ದನ್ನು ಮೊತ್ತಮೊದಲು ಒಬ್ಬ ಸಂಪಾದಕರಿಗೆ ಹೇಳಬೇಕೇ? ಅದೂ ಮರುವಾಯಿಗೋಸ್ಕರ?

ಬರೆಯುವುದು ನನಗೇನು ಕಷ್ಟವಲ್ಲ. ಪ್ರಬಂಧ ಸ್ವೀಕೃತ, ಸಂಬಂಧ ತಿರಸ್ಕೃತ. ಪ್ರಾಸವೂ ಕೂಡುತ್ತದೆ. ಆದರೆ ಅಂಥ ತೀರ್ಪು ಬರೆಯುವ ಮೊದಲು ಲೇಖಕರಿಗೆ ತಿದ್ದಲು ಅವಕಾಶ ಕೊಡಬೇಕು, ಅದು ನಮ್ಮ ವೃತ್ತಿಯ ಕ್ರಮ. ನಮ್ಮ ಜಗಳದಲ್ಲಿ ಒಂದು ಸುತ್ತೂ ಆಗಲಿಲ್ಲ. ನಾನು ಹೇಳಿದೆ, ನೀವು ಹೊರಟಿರಿ. ಇದನ್ನು ಪರಿಶೀಲನೆ ಎನ್ನುತ್ತಾರೆಯೇ?

ಸಿಟ್ಟು ಯಾವುದಕ್ಕೆ ಗೊತ್ತುಂಟಾ? ಉಂಗುರದ ಬೆರಳಿಗೆ ಶಾಸ್ತ್ರದಲ್ಲಿ ಅನಾಮಿಕಾ ಎನ್ನುತ್ತಾರೆ. ನಾನು ಬರೀ ಅನಾಮಿಕಳಾಗಿದ್ದಾಗ ನೀವು ನನ್ನ ಮಾತಿಗೆ ಮಳೆಯಲ್ಲಿ ಹೊಳೆ ದಾಟಿದಿರಿ. ಬೇಬಿಯಾಗಿದ್ದಾಗ, ಅಂಗಡಿಯಿಂದ ತಂದ ಚಪ್ಪಲಿ ಬಿಗಿಯಾಗುತ್ತದೆ, ಬದಲಿಸಿ ತನ್ನಿ ಎಂದರೆ ನಾಲ್ಕು ದಿನ ಮಾತು ಬಿಟ್ಟಿರಿ. ನನ್ನದೂ ಹಾಗೆಯೇ ಎನ್ನುತ್ತೀರಿ. ಹೌದು, ನನ್ನದೂ ಹಾಗೆಯೇ. "ಈ ಲೇಖಕರ ತಾಳ್ಮೆ ಅಪರೂಪದ್ದು" ಎಂದು ಕೊನೆಯ ವರದಿಯಲ್ಲಿ ಬರೆದವಳು ನಾನು. ಮನೆಯಲ್ಲಿ ಅಷ್ಟು ವರ್ಷ ಕೂತಿದ್ದ ಅದೇ ತಾಳ್ಮೆ ನನ್ನ ಸೂಕ್ಷ್ಮದೃಷ್ಟಿಗೆ ಬೀಳಲಿಲ್ಲ. ಶಾಲು ವಾಪಸು ಕೊಡಬೇಕಾದದ್ದು ಇದಕ್ಕೇ ಇರಬಹುದು.

ಇನ್ನೊಂದು ಮಾತು. ಬೆಳಿಗ್ಗೆ ವ್ಯಾಲೆಂಟೈನರಿಗೆ ಫೋನು ಮಾಡಿ, ಕಾರ್ಕಳದಿಂದ ಉತ್ತರ ಬಂತೇ ಎಂದು ಕೇಳಿದೆ. "ಇಲ್ಲ ಮೇಡಂ, ಅವರಿಂದ ಎಂತದೂ ಬರಲಿಲ್ಲ" ಎಂದರು. ನನಗೆ ಬರೆ ಎಂದು ಕೈಮುಗಿಯುವವರು ನೀವು ಯಾಕೆ ಬರೆಯಲಿಲ್ಲ? ಇಬ್ಬರೂ ಬರೆಯಬೇಕೆಂದು ಅವರು ಹೇಳಿದ್ದನ್ನು ನೀವು ಕೇಳಿದ್ದೀರಿ. ಮೂರು ದಿನದಲ್ಲಿ ಒಂದು ಗೆರೆ ಬರೆಯಲು ಆಗದಷ್ಟು ನಿಮ್ಮ ಇಂಗ್ಲಿಷ್ ಕೆಟ್ಟದಾಗಿಲ್ಲ, ಅದನ್ನು ನಾನೇ ತಿದ್ದಿದ್ದೇನೆ. ಆ ವಾಕ್ಯ ನಿಮ್ಮ ಕೈಯಿಂದಲೂ ಬರುವುದಿಲ್ಲ, ನನ್ನ ಕೈಯಿಂದ ಬರಲಿ ಎಂದು ಕೂತಿದ್ದೀರಿ ಎಂಬುದು ನನ್ನ ಅಂದಾಜು. ಆಧಾರ ಸಾಲದು ಎನ್ನಬಹುದು. ಒಪ್ಪುತ್ತೇನೆ, ಒಂದೇ ದಡದ ಅಳತೆ ಇದು. ಇನ್ನೊಂದು ದಡದ್ದು ನೀವು ಹೇಳಬೇಕು.

ಹೇಳಿ, ನಾನು ಎಂತ ಬರೆಯಲಿ? ನಿಮ್ಮ ಬಾಯಿಂದಲೇ ಹೇಳಿ. ಕೈಮುಗಿದ ಚಿತ್ರ ಬೇಡ.

ಇನ್ನೂ ಬೇರೆ ಶಬ್ದ ಸಿಗದ ಕಾರಣ,
ನಿಮ್ಮ
ಬೇಬಿ

ಮರೆತಿದ್ದು: ಮೇಲಿನ ಪ್ರಶ್ನೆಗೆ ಉತ್ತರ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ನೀವು ಎಂತ ಹೇಳುತ್ತಿದ್ದಿರೆಂದು ತಿಳಿಯುವ ಆಸೆಗೆ ಕೇಳಿದ್ದು. ಶನಿವಾರ ಸಭೆಯಿಂದ ಹೊರಟು ರಿಕ್ಷಾದಲ್ಲಿ ಕೂತಾಗಲೇ ನಾನು ವ್ಯಾಲೆಂಟೈನರಿಗೆ ಮೇಲ್ ಮಾಡಿ ಆಗಿದೆ. ಅವರು ಕೇಳಿದ್ದು ಸಂಬಂಧ ಉಂಟೇ ಎಂದು. ಉಂಟು ಎಂದು ಬರೆದೆ. ನಿಮ್ಮನ್ನು ಕೇಳದೆ ನಿಮ್ಮ ಒಂದು ವರ್ಷ ಹಾಳು ಮಾಡಿದ್ದೇನೆ, ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ. ಪ್ರಬಂಧದ ಬಗ್ಗೆ ನನಗೆ ಹೆದರಿಕೆ ಇಲ್ಲ, ಯಾರು ನೋಡಿದರೂ ಪಾಸಾಗುತ್ತದೆ. ಆದರೆ ಹುಣ್ಣಿಮೆಯ ದೊಡ್ಡ ಇಳಿತದ ಅಳತೆ ಅದರಲ್ಲಿಲ್ಲ. ನಾನು ಕೇಳದೆ ಬಿಟ್ಟದ್ದನ್ನು ಹೊಸಬರು ಕೇಳಿಯೇ ಕೇಳುತ್ತಾರೆ. ಶುಕ್ರವಾರ ಹುಣ್ಣಿಮೆ. ಶನಿವಾರ ನೀರು ಇಳಿಯುವ ಹೊತ್ತಿಗೆ ಕೆಮ್ಮಣ್ಣಿನ ದಡದಲ್ಲಿ ಇರುತ್ತೇನೆ. ನಿಮ್ಮ ತಪ್ಪು ಹುಡುಕುವ ಅಧಿಕಾರ ಈಗ ನನಗಿಲ್ಲ. ಮರುವಾಯಿಯ ಬುಟ್ಟಿ ಹಿಡಿದುಕೊಳ್ಳಲು ಯಾವ ಪತ್ರಿಕೆಯ ನಿಯಮವೂ ಅಡ್ಡ ಬರುವುದಿಲ್ಲ.