ಸಭೆ ಮುಗಿಸಿದ ಕೈಕುಲುಕು

ವಿನಿಫ್ರೆಡ್ ಆಂಟಿ,

ಇವತ್ತು ನಿಮ್ಮ ಸ್ಮರಣೆಯ ಸಭೆಯನ್ನು ನಾನೇ ಕೆಡಿಸಿದೆ. ನಾವಿರುವ ಗ್ಲೆನ್ ವೇವರ್ಲಿಯಿಂದ ನಿಮ್ಮ ಪುಟ್ಟ ಊರಿಗೆ ಮೂರು ಗಂಟೆ ಡ್ರೈವ್, ತಲುಪುವಾಗ ತಡವಾಗಿತ್ತು. ಎಪ್ಪತ್ತು ವರ್ಷ ಪ್ರತಿ ಭಾನುವಾರ ನೀವೇ ಬೀಗ ತೆಗೆದು ಕುರ್ಚಿ ಹಾಕುತ್ತಿದ್ದ ಆ ಕ್ವೇಕರ್ ಕ್ರೈಸ್ತರ ಪ್ರಾರ್ಥನಾ ಮನೆಯಲ್ಲಿ ಆಗಲೇ ಎಲ್ಲರೂ ನಿಮ್ಮ ಪದ್ಧತಿಯಂತೆ ಮೌನ ಪ್ರಾರ್ಥನೆಗೆ ಕೂತಿದ್ದರು. ಪಕ್ಕದಲ್ಲಿದ್ದ, ಸಭೆ ನಡೆಸುತ್ತಿದ್ದ ಹಿರಿಯರ ಕೈ ಕುಲುಕಿ, "ಸಾರಿ, ಲೇಟಾಯ್ತು" ಎಂದೆ. ನಿಮ್ಮಲ್ಲಿ ಸಭೆ ನಡೆಸುವ ಹಿರಿಯರು ಕೈ ಕುಲುಕಿದರೆ ಪ್ರಾರ್ಥನೆ ಮುಗಿಯಿತು ಎಂದರ್ಥ ಎನ್ನುವುದು ಮರೆತೇಹೋಗಿತ್ತು! ತೊಂಬತ್ತಾರು ವರ್ಷದ ಬದುಕಿನ ಸ್ಮರಣೆ ಐದೇ ನಿಮಿಷಕ್ಕೆ ಮುಗಿದು, ಎಲ್ಲರೂ ಅಕ್ಕಪಕ್ಕದವರ ಕೈ ಕುಲುಕತೊಡಗಿದರು.

"ಅಯ್ಯೋ, ಏನ್ ಮಾಡ್ದೆ ತೇಜು!" ಎಂದು ನನ್ನ ಗಂಡ ಜೀವನ್ ಪಿಸುಗುಟ್ಟಿದ.

ಹಿರಿಯರು ಜೋರಾಗಿ ನಕ್ಕುಬಿಟ್ಟರು. "ವಿನಿ ಇದ್ದಿದ್ರೆ ಖುಷಿಪಡ್ತಿದ್ಲು. ಅವಳಿಗೆ ಯಾವಾಗ್ಲೂ ಪ್ರಾರ್ಥನೆ ಆದ್ಮೇಲಿನ ಟೀ ಕಡೆಗೇ ಗಮನ" ಎಂದರು. ಇಡೀ ಕೋಣೆ ನಕ್ಕಿತು.

ಮತ್ತೆ ಕೂತೆವು. ಒಬ್ಬೊಬ್ಬರೇ ಎದ್ದು ನಿಮ್ಮ ಕಥೆ ಹೇಳಿದರು. ಓದುವಾಗ ಮೂರು ವರ್ಷ ನಿಮ್ಮ ಮನೆಯಲ್ಲಿದ್ದವಳು ನಾನು. ನನ್ನ ಚಿತ್ರಾನ್ನಕ್ಕೆ ನೀವು ಜ್ಯಾಮ್ ನೆಂಚಿಕೊಂಡು ತಿನ್ನುತ್ತಿದ್ದುದನ್ನೂ ಸೇರಿಸಿ ಎರಡು ಪುಟ ಬರೆದು ತಂದಿದ್ದೆ. ನೀವು ಫೋನ್ ಮಾಡಿದಾಗಲೆಲ್ಲ "ಮುಂದಿನ ತಿಂಗಳು ಬರ್ತೀನಿ" ಎನ್ನುತ್ತಲೇ ಬಾರದೆ ಉಳಿದವಳೂ ನಾನೇ.

ಓದಲು ನಾನು ಏಳಲಿಲ್ಲ, ಆಂಟಿ. ನಿಮಗೆ ಹೇಳಬೇಕಾದ ಎರಡೇ ಮಾತನ್ನು ಬಂದಕೂಡಲೇ ಹೇಳಿಬಿಟ್ಟಿದ್ದೆ.

ತೇಜಸ್ವಿನಿ